ಐಇಎಲ್‌ಟಿಎಸ್: ಒಟ್ಟು ಅಂಕ ಬಂದರೂ ಅಡ್ಮಿಷನ್ ತಪ್ಪುವುದೇಕೆ? ಮೊದಲ ದಿನದಿಂದ ಫಲಿತಾಂಶದವರೆಗೆ ಸಮಗ್ರ ಮಾರ್ಗದರ್ಶಿ

"ಒಟ್ಟು 6.5 ಬಂದಿದೆ. ಯೂನಿವರ್ಸಿಟಿ ಕೇಳಿದ್ದೂ 6.5. ಆದರೂ ಅರ್ಜಿ ತಿರಸ್ಕಾರ ಆಯ್ತು, ಯಾಕೆ?" ವಿದೇಶದಲ್ಲಿ ಓದಲು ಇಂಗ್ಲಿಷ್ ಎಷ್ಟು ಬರುತ್ತದೆ ಅಂತ ಅಳೆಯುವ ಐಇಎಲ್‌ಟಿಎಸ್ ಪರೀಕ್ಷೆ ಬರೆದವರಿಂದ ಈ ಪ್ರಶ್ನೆ ನನಗೆ ಪದೇ ಪದೇ ಬರುತ್ತದೆ. ಇದರಲ್ಲಿ ನಾಲ್ಕು ವಿಭಾಗ, ಪ್ರತಿಯೊಂದಕ್ಕೂ 9ರವರೆಗೆ ಅಂಕ. ಅಂಕಪಟ್ಟಿ ತೆಗೆದು ನೋಡಿದರೆ ಹೆಚ್ಚಾಗಿ ಹೀಗಿರುತ್ತದೆ: ಲಿಸನಿಂಗ್ 7, ರೀಡಿಂಗ್ 7, ಸ್ಪೀಕಿಂಗ್ 6.5, ರೈಟಿಂಗ್ 5.5. ಸರಾಸರಿ 6.5 ಸರಿಯಾಗಿಯೇ ಇದೆ. ಆದರೆ ಆ ಯೂನಿವರ್ಸಿಟಿಯ ಪುಟದಲ್ಲಿ ಇನ್ನೊಂದು ಸಾಲು ಇರುತ್ತದೆ. ಯಾವ ವಿಭಾಗದಲ್ಲೂ 6ಕ್ಕಿಂತ ಕಡಿಮೆ ಇರಬಾರದು ಅಂತ. ಆ ಸಾಲನ್ನು ಅವರು ಓದಿದ್ದು ಪರೀಕ್ಷೆ ಮುಗಿದ ಮೇಲೆ.

ಇವರಲ್ಲಿ ಹೆಚ್ಚಿನವರು ಕಷ್ಟಪಟ್ಟು ಓದಿದವರೇ. ಎಡವಿದ್ದು ಕೆಲಸದ ಕ್ರಮದಲ್ಲಿ. ಮೊದಲು ದಿನಾಂಕ ಬುಕ್ ಮಾಡುತ್ತಾರೆ. ಆಮೇಲೆ ಕೋಚಿಂಗ್ ಹುಡುಕುತ್ತಾರೆ. ಆಮೇಲೆ ಒಂದರ ಮೇಲೊಂದು ಮಾಕ್ ಟೆಸ್ಟ್ ಬರೆಯುತ್ತಾರೆ. ತಮಗೆ ಬೇಕಾದ ಅಂಕ ಎಷ್ಟು ಅಂತ ಕೊನೆಗೆ ನೋಡುತ್ತಾರೆ. ಈ ಕ್ರಮವನ್ನು ಪೂರ್ತಿ ತಿರುಗಿಸಬೇಕು.

ಬೇಕಾದ ಸಾಮಾನು ಜಾಸ್ತಿ ಏನಿಲ್ಲ. ಒಂದು ಲ್ಯಾಪ್‌ಟಾಪ್, ಹೆಡ್‌ಫೋನ್, ಧ್ವನಿ ರೆಕಾರ್ಡ್ ಮಾಡಲು ಮೊಬೈಲ್, ಗಡಿಯಾರ, ಇನ್ನೂರು ಪುಟದ ಒಂದು ನೋಟ್‌ಬುಕ್. ಜೊತೆಗೆ ಅಧಿಕೃತ ಮಾದರಿ ಪ್ರಶ್ನೆಪತ್ರಿಕೆಗಳು. ಈ ಪರೀಕ್ಷೆಯ ಹಿಂದಿರುವ ಸಂಸ್ಥೆಗಳಾದ ಐಡಿಪಿ ಮತ್ತು ಬ್ರಿಟಿಷ್ ಕೌನ್ಸಿಲ್‌ನ ವೆಬ್‌ಸೈಟ್‌ಗಳಲ್ಲಿ ಕೆಲವು ಉಚಿತವಾಗಿ ಸಿಗುತ್ತವೆ. ಕೇಂಬ್ರಿಡ್ಜ್ ಪ್ರಕಟಿಸುವ ಅಭ್ಯಾಸ ಪುಸ್ತಕಗಳಲ್ಲಿ ಎರಡು ಇದ್ದರೆ ಸಾಕು. ಸಮಯ ಮೂರು ತಿಂಗಳು ಇಟ್ಟುಕೊಳ್ಳಿ.

## ಹಂತ 1: ಗುರಿಯನ್ನು ಕಾಗದದ ಮೇಲೆ ಬರೆಯಿರಿ

ನೀವು ಅರ್ಜಿ ಹಾಕಲಿರುವ ಪ್ರತಿ ಕೋರ್ಸ್‌ನ ಪುಟ ತೆರೆಯಿರಿ. ಯೂನಿವರ್ಸಿಟಿಯ ಮುಖ್ಯ ಪುಟ ಸಾಲದು, ಕೋರ್ಸ್‌ನದೇ ಪುಟ ಬೇಕು. ಒಂದೇ ಯೂನಿವರ್ಸಿಟಿಯಲ್ಲಿ ಎಂಜಿನಿಯರಿಂಗ್‌ಗೆ ಒಂದು ಅಂಕ, ಕಾನೂನಿಗೆ ಇನ್ನೊಂದು ಅಂಕ ಇರುತ್ತದೆ.

ಮೊದಲು ಪರೀಕ್ಷೆಯ ಬಗೆ ನೋಡಿ. ಪದವಿ ಅಥವಾ ಸ್ನಾತಕೋತ್ತರ ಓದಿಗೆ ಬೇಕಾದದ್ದು ಅಕಾಡೆಮಿಕ್. ಜನರಲ್ ಟ್ರೈನಿಂಗ್ ಅನ್ನುವುದು ಬೇರೆ, ಅದು ಹೆಚ್ಚಾಗಿ ವಲಸೆ ಮತ್ತು ಕೆಲಸಕ್ಕೆ. ಬುಕ್ ಮಾಡುವಾಗ ಎರಡೂ ಅಕ್ಕಪಕ್ಕ ಇರುತ್ತವೆ, ಒಂದು ತಪ್ಪು ಕ್ಲಿಕ್ ಸಾಕು. ಬ್ರಿಟನ್‌ಗೆ ಹೋಗುವವರು ಇನ್ನೂ ಒಂದು ವಿಷಯ ಕೇಳಿಕೊಳ್ಳಬೇಕು. ಅಲ್ಲಿನ ವೀಸಾಕ್ಕೆಂದೇ ಯುಕೆವಿಐ ಎಂಬ ಬಗೆ ಇದೆ. ಪದವಿ ಮಟ್ಟದ ಕೋರ್ಸ್‌ಗಳಿಗೆ ಅನೇಕ ಯೂನಿವರ್ಸಿಟಿಗಳು ಸಾಮಾನ್ಯ ಅಕಾಡೆಮಿಕ್ ಪರೀಕ್ಷೆಯನ್ನೇ ಒಪ್ಪುತ್ತವೆ. ಫೌಂಡೇಶನ್‌ನಂಥ ಕೆಳಗಿನ ಮಟ್ಟದ ಕೋರ್ಸ್‌ಗಳಿಗೆ ಯುಕೆವಿಐ ಬೇಕಾಗಬಹುದು. ಅಡ್ಮಿಷನ್ ಕಚೇರಿಗೆ ಇಮೇಲ್ ಹಾಕಿ ಬರಹದಲ್ಲೇ ಉತ್ತರ ತರಿಸಿಕೊಳ್ಳಿ.

ಎರಡನೆಯದು, ಒಟ್ಟು ಅಂಕ ಮತ್ತು ಪ್ರತಿ ವಿಭಾಗದ ಕನಿಷ್ಠ ಅಂಕ. ಎರಡನ್ನೂ ಬೇರೆ ಬೇರೆ ಬರೆಯಿರಿ. ಐದು ಕೋರ್ಸ್‌ಗೆ ಅರ್ಜಿ ಹಾಕುವುದಾದರೆ, ಅವುಗಳಲ್ಲಿ ಅತಿ ಹೆಚ್ಚು ಕೇಳುವುದೇ ನಿಮ್ಮ ಗುರಿ.

ಸರಾಸರಿ ಹೇಗೆ ತೆಗೆಯುತ್ತಾರೆ ಅಂತ ತಿಳಿದಿರಲಿ. ನಾಲ್ಕು ವಿಭಾಗ ಕೂಡಿಸಿ ನಾಲ್ಕರಿಂದ ಭಾಗಿಸುತ್ತಾರೆ. 6.25 ಬಂದರೆ 6.5 ಆಗುತ್ತದೆ. 6.75 ಬಂದರೆ 7 ಆಗುತ್ತದೆ. 6.125 ಬಂದರೆ ಮಾತ್ರ 6ಕ್ಕೆ ಇಳಿಯುತ್ತದೆ. ಅಂದರೆ ಒಂದೇ ವಿಭಾಗದ ಅರ್ಧ ಅಂಕ ಒಟ್ಟು ಫಲಿತಾಂಶವನ್ನು ಮೇಲೆ ಕೆಳಗೆ ಮಾಡಬಲ್ಲದು.

ಮೂರನೆಯದು, ಕೊನೆಯ ದಿನಾಂಕ. ಜರ್ಮನಿಯ ಹಲವು ಯೂನಿವರ್ಸಿಟಿಗಳಲ್ಲಿ ಚಳಿಗಾಲದ ಸೆಮಿಸ್ಟರ್‌ಗೆ ಜುಲೈ 15 ಕೊನೆಯ ದಿನ. ಕೆಲವು ಅದಕ್ಕೂ ಮುಂಚೆಯೇ ಮುಗಿಸುತ್ತವೆ. ಐಇಎಲ್‌ಟಿಎಸ್ ಅಂಕಕ್ಕೆ ಎರಡು ವರ್ಷದ ಬೆಲೆ ಇದೆ. ಹಾಗಾಗಿ ಬೇಗ ಬರೆದರೆ ನಷ್ಟವಿಲ್ಲ. ಇನ್ನೊಮ್ಮೆ ಬರೆಯಲು ಬೇಕಾದ ಸಮಯವನ್ನೂ ಲೆಕ್ಕಕ್ಕೆ ಹಿಡಿಯಿರಿ.

## ಹಂತ 2: ಪಾಸ್‌ಪೋರ್ಟ್ ಮತ್ತು ಹೆಸರು

ಗುರುತಿಗೆ ಪಾಸ್‌ಪೋರ್ಟೇ ಬೇಕು. ಆಧಾರ್ ತೋರಿಸಿದರೆ ಆಗುವುದಿಲ್ಲ. ನೋಂದಣಿಯಲ್ಲಿ ಕೊಟ್ಟ ಪಾಸ್‌ಪೋರ್ಟನ್ನೇ ಪರೀಕ್ಷೆಯ ದಿನ ತರಬೇಕು. ಇನ್ನೂ ಮಾಡಿಸಿಲ್ಲದಿದ್ದರೆ ಓದು ಶುರು ಮಾಡುವ ಮುಂಚೆ ಆ ಅರ್ಜಿ ಹಾಕಿ.

ನಮ್ಮ ಕಡೆಯವರಿಗೆ ಇಲ್ಲಿ ಒಂದು ದೊಡ್ಡ ತೊಡಕಿದೆ. ನಮ್ಮಲ್ಲಿ ಅನೇಕರಿಗೆ ಮನೆತನದ ಹೆಸರು ಅಂತ ಇರುವುದಿಲ್ಲ, ಇನಿಷಿಯಲ್ ಇರುತ್ತದೆ. ಒಂದು ಅಕ್ಷರ ಊರಿನದು, ಇನ್ನೊಂದು ಅಪ್ಪನದು. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್‌ನಲ್ಲಿ ಇನಿಷಿಯಲ್ ಕೊನೆಯಲ್ಲಿ, ಪಾಸ್‌ಪೋರ್ಟ್‌ನಲ್ಲಿ ಅದೇ ಬಿಡಿಸಿ ಬರೆದ ಪೂರ್ತಿ ಹೆಸರು, ಡಿಗ್ರಿ ಸರ್ಟಿಫಿಕೇಟ್‌ನಲ್ಲಿ ಮತ್ತೊಂದು ತರಹ. ಪರೀಕ್ಷೆಗೆ ನೋಂದಾಯಿಸುವಾಗ ಪಾಸ್‌ಪೋರ್ಟ್‌ನಲ್ಲಿ ಹೇಗಿದೆಯೋ ಹಾಗೇ, ಅಕ್ಷರಕ್ಕೆ ಅಕ್ಷರ ಬರೆಯಿರಿ. ಮಾರ್ಕ್ಸ್ ಕಾರ್ಡ್ ಮತ್ತು ಪಾಸ್‌ಪೋರ್ಟ್ ಹೆಸರಲ್ಲಿ ದೊಡ್ಡ ವ್ಯತ್ಯಾಸ ಇದ್ದರೆ ಅದನ್ನು ಸರಿಪಡಿಸುವ ಬಗೆಯನ್ನು ಈಗಲೇ ವಿಚಾರಿಸಿ. ಅಫಿಡವಿಟ್ ಸಾಕಾ, ಬೇರೆ ಏನಾದರೂ ಬೇಕಾ ಅಂತ ಯೂನಿವರ್ಸಿಟಿಯನ್ನೇ ಕೇಳಿ.

## ಹಂತ 3: ಏನೂ ಓದದೆ ಒಂದು ಪೂರ್ತಿ ಪರೀಕ್ಷೆ ಬರೆಯಿರಿ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ತಯಾರಿ ಇಲ್ಲದೆ ಬರೆದರೆ ಅಂಕ ಕಡಿಮೆ ಬರುತ್ತದೆ, ಅದನ್ನು ನೋಡಲು ಮನಸ್ಸು ಒಪ್ಪುವುದಿಲ್ಲ. ಆದರೂ ಬರೆಯಿರಿ. ಗಡಿಯಾರ ಇಟ್ಟು, ಒಂದೇ ಬೈಠಕ್‌ನಲ್ಲಿ, ನಡುವೆ ಫೋನ್ ಮುಟ್ಟದೆ.

ಲಿಸನಿಂಗ್ ಸುಮಾರು 30 ನಿಮಿಷ, 40 ಪ್ರಶ್ನೆ. ರೀಡಿಂಗ್ 60 ನಿಮಿಷ, 3 ದೊಡ್ಡ ಪಠ್ಯ, 40 ಪ್ರಶ್ನೆ. ರೈಟಿಂಗ್ 60 ನಿಮಿಷ, ಎರಡು ಬರಹ. ಸ್ಪೀಕಿಂಗ್ 11ರಿಂದ 14 ನಿಮಿಷ.

ಲಿಸನಿಂಗ್ ಮತ್ತು ರೀಡಿಂಗ್ ಉತ್ತರಗಳನ್ನು ನೀವೇ ತಿದ್ದಬಹುದು. ಸುಮಾರು ಲೆಕ್ಕ ಹೀಗಿದೆ: 40ರಲ್ಲಿ 23 ಸರಿಯಾದರೆ 6ರ ಹತ್ತಿರ, 30 ಸರಿಯಾದರೆ 7ರ ಹತ್ತಿರ, 35 ಸರಿಯಾದರೆ 8ರ ಹತ್ತಿರ. ರೈಟಿಂಗ್ ಅನ್ನು ಮಾತ್ರ ನೀವೇ ತಿದ್ದಿಕೊಳ್ಳಬೇಡಿ. ಇಂಗ್ಲಿಷ್ ಚೆನ್ನಾಗಿ ಬಲ್ಲ ಒಬ್ಬ ಮೇಷ್ಟ್ರಿಗೆ ಕೊಡಿ, ಮಾರ್ಕಿಂಗ್‌ನ ಅಧಿಕೃತ ವಿವರಣೆಯನ್ನೂ ಜೊತೆಗೆ ಕೊಡಿ. ಅದು ಉಚಿತವಾಗಿ ಸಿಗುತ್ತದೆ.

ಈಗ ಗುರಿಯ ಕಾಗದದ ಪಕ್ಕ ಈ ಅಂಕಗಳನ್ನು ಇಡಿ. ಯಾವ ವಿಭಾಗದಲ್ಲಿ ಅಂತರ ದೊಡ್ಡದಿದೆಯೋ ಅಲ್ಲಿಗೆ ನಿಮ್ಮ ಅರ್ಧ ಸಮಯ ಹೋಗಬೇಕು. ಬಹಳ ಜನ ತಮಗೆ ಬರುವುದನ್ನೇ ಮತ್ತೆ ಮತ್ತೆ ಅಭ್ಯಾಸ ಮಾಡುತ್ತಾರೆ. ಲಿಸನಿಂಗ್‌ನಲ್ಲಿ 7 ಬರುವವರು ದಿನಾ ಲಿಸನಿಂಗ್ ಟೆಸ್ಟ್ ಬರೆಯುತ್ತಾರೆ, ಯಾಕಂದ್ರೆ ಅಲ್ಲಿ ಖುಷಿ ಸಿಗುತ್ತದೆ. ರೈಟಿಂಗ್ 5.5ರಲ್ಲೇ ನಿಂತಿರುತ್ತದೆ.

## ಹಂತ 4: ತಪ್ಪಿನ ನೋಟ್‌ಬುಕ್

ಇನ್ನೂರು ಪುಟದ ನೋಟ್‌ಬುಕ್ ಇದಕ್ಕೇ. ಪ್ರತಿ ತಪ್ಪಿಗೆ ಮೂರು ಸಾಲು: ಏನು ಬರೆದೆ, ಸರಿ ಏನು, ಯಾಕೆ ತಪ್ಪಿದೆ. "ಗಮನ ಇರಲಿಲ್ಲ" ಅಂತ ಬರೆಯಬೇಡಿ, ಅದು ಕಾರಣವಲ್ಲ. "ಕೊನೆಯ ಎಸ್ ಕೇಳಿಸಲಿಲ್ಲ", "ಪದದ ಮಿತಿ ಓದಲಿಲ್ಲ", "ಪಠ್ಯದಲ್ಲಿಲ್ಲದ್ದನ್ನು ನಾನೇ ಊಹಿಸಿದೆ" — ಹೀಗೆ ಬರೆಯಿರಿ.

ಒಂದು ಮಾಕ್ ಟೆಸ್ಟ್ ಬರೆಯಲು ಮೂರು ಗಂಟೆ ಹಿಡಿದರೆ, ಅದರ ತಪ್ಪು ನೋಡಲು ಇನ್ನೂ ಮೂರು ಗಂಟೆ ಕೊಡಿ. ವಾರಕ್ಕೆ ಒಂದು ಟೆಸ್ಟ್ ಸಾಕು. ದಿನಕ್ಕೊಂದು ಬರೆದು ಅಂಕ ಮಾತ್ರ ನೋಡಿ ಮುಚ್ಚಿಡುವವರ ಅಂಕ ತಿಂಗಳಾದರೂ ಏರದೆ ಇದ್ದದ್ದನ್ನು ನಾನು ತುಂಬಾ ನೋಡಿದ್ದೇನೆ.

## ಹಂತ 5: ರೈಟಿಂಗ್‌ನಿಂದ ಶುರು ಮಾಡಿ

ಎಲ್ಲಕ್ಕಿಂತ ನಿಧಾನವಾಗಿ ಏರುವುದು ಇದೇ. ಅದಕ್ಕೇ ಮೊದಲ ವಾರದಿಂದಲೇ ಇದು ಇರಬೇಕು, ಕೊನೆಯ ಎರಡು ವಾರಕ್ಕೆ ಬಿಡಬಾರದು.

ಎರಡು ಬರಹಗಳಿವೆ. ಮೊದಲನೆಯದರಲ್ಲಿ ಗ್ರಾಫ್, ಕೋಷ್ಟಕ, ನಕ್ಷೆ ಅಥವಾ ಪ್ರಕ್ರಿಯೆ ಕೊಡುತ್ತಾರೆ, ಕನಿಷ್ಠ 150 ಪದ. ಎರಡನೆಯದು ಪ್ರಬಂಧ, ಕನಿಷ್ಠ 250 ಪದ. ಪ್ರಬಂಧಕ್ಕೆ ಎರಡು ಪಟ್ಟು ಬೆಲೆ. ಆದ್ದರಿಂದ 20 ನಿಮಿಷ ಮತ್ತು 40 ನಿಮಿಷ ಅಂತ ಹಂಚಿಕೊಳ್ಳಿ. ಗ್ರಾಫ್‌ಗೆ 30 ನಿಮಿಷ ಕೊಟ್ಟು ಪ್ರಬಂಧವನ್ನು ಅರ್ಧಕ್ಕೆ ಬಿಡುವುದು ತುಂಬಾ ಸಾಮಾನ್ಯ ತಪ್ಪು.

ಗ್ರಾಫ್ ಬರಹ. ಇಲ್ಲಿ ಮುಖ್ಯವಾದದ್ದು ಒಟ್ಟು ನೋಟ. ಪೂರ್ತಿ ಚಿತ್ರದಲ್ಲಿ ಎದ್ದು ಕಾಣುವ ಎರಡು ಸಂಗತಿ ಯಾವುವು? ಯಾವುದು ಏರಿತು, ಯಾವುದು ಇಳಿಯಿತು, ಯಾವುದು ಎಲ್ಲಕ್ಕಿಂತ ದೊಡ್ಡದು? ಅದನ್ನು ಎರಡು ವಾಕ್ಯದಲ್ಲಿ ಹೇಳಿ, ಆಮೇಲೆ ಅಂಕಿಗಳಿಗೆ ಇಳಿಯಿರಿ. ಒಟ್ಟು ನೋಟವಿಲ್ಲದೆ ಅಂಕಿಗಳನ್ನು ಒಂದಾದ ಮೇಲೊಂದು ಜೋಡಿಸಿದರೆ, ಕೇಳಿದ್ದಕ್ಕೆ ಉತ್ತರಿಸಿದ್ದೀರಾ ಎಂಬ ಅಳತೆಯಲ್ಲಿ 5ರ ಸುತ್ತಲೇ ಸಿಕ್ಕಿಕೊಳ್ಳುತ್ತೀರಿ. ಕಾರಣ ಊಹಿಸಲು ಹೋಗಬೇಡಿ. ಕಾಫಿ ಬಳಕೆ ಏರಿದ್ದು ಯಾಕೆ ಅಂತ ಗ್ರಾಫ್ ಹೇಳದಿದ್ದರೆ ನೀವೂ ಹೇಳುವಂತಿಲ್ಲ.

ಲಕ್ಷ, ಕೋಟಿ ಲೆಕ್ಕ ಇಲ್ಲಿ ನಮ್ಮನ್ನು ಕೆಡವುತ್ತದೆ. ನಮ್ಮ 25,00,000 ಅಲ್ಲಿ 2,500,000, ಅಂದರೆ ಎರಡೂವರೆ ಮಿಲಿಯನ್. ಅಲ್ಪವಿರಾಮದ ಜಾಗವೇ ಬೇರೆ. ಹತ್ತು ಲಕ್ಷ ಅಂದರೆ ಒಂದು ಮಿಲಿಯನ್ ಅಂತ ಬಾಯಿಪಾಠ ಆಗುವವರೆಗೆ ದಿನಾ ಹತ್ತು ಸಂಖ್ಯೆ ಬದಲಿಸಿ ಬರೆಯಿರಿ.

ಪ್ರಬಂಧ. ನಾವು ಶಾಲೆಯಲ್ಲಿ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಅಂತ ಕಲಿತವರು. ಪೀಠಿಕೆ ಅಂದರೆ ಒಂದು ಗಾದೆ, ಎರಡು ದೊಡ್ಡ ಮಾತು. ಇಲ್ಲಿ ಅದಕ್ಕೆ ಅಂಕವಿಲ್ಲ. ಕೇಳಿದ ಪ್ರಶ್ನೆಗೆ ನೇರ ಉತ್ತರ ಬೇಕು, ಅದೂ ಮೊದಲ ಪ್ಯಾರಾದಲ್ಲೇ.

ಒಂದು ಉದಾಹರಣೆ ತೆಗೆದುಕೊಳ್ಳೋಣ. "ಶಾಲೆಗಳಲ್ಲಿ ಕೃಷಿಯನ್ನು ಕಡ್ಡಾಯ ಪಾಠ ಮಾಡಬೇಕು. ಎಷ್ಟರ ಮಟ್ಟಿಗೆ ಒಪ್ಪುತ್ತೀರಿ?" ಎಂಬ ಪ್ರಶ್ನೆ ಇದೆ ಅನ್ನಿ. ನಮ್ಮ ಮಕ್ಕಳು ತಕ್ಷಣ ರೈತ ದೇಶದ ಬೆನ್ನೆಲುಬು ಅಂತ ಶುರು ಮಾಡುತ್ತಾರೆ. ಇಡೀ ಪುಟ ಕೃಷಿಯ ಮಹತ್ವ. ಆದರೆ ಪ್ರಶ್ನೆ ಇರುವುದು "ಕಡ್ಡಾಯ" ಎಂಬ ಪದದಲ್ಲಿ. ಇಷ್ಟ ಇದ್ದವರಿಗೆ ಮಾತ್ರ ಕಲಿಸಿದರೆ ಸಾಲದೇ? ಎಲ್ಲರಿಗೂ ಯಾಕೆ? ಯಾವ ಪಾಠದ ಸಮಯ ತೆಗೆದು ಇದಕ್ಕೆ ಕೊಡಬೇಕು? ಇದಕ್ಕೆ ಉತ್ತರಿಸದ ಪ್ರಬಂಧದ ಭಾಷೆ ಎಷ್ಟೇ ಚೆನ್ನಾಗಿದ್ದರೂ ಅಂಕ ಬೀಳುತ್ತದೆ. ಬರೆಯುವ ಮೊದಲು ಪ್ರಶ್ನೆಯ ಆ ಒಂದು ಪದವನ್ನು ಹುಡುಕಿ ಗುರುತು ಹಾಕಿಕೊಳ್ಳಿ.

ಮೊದಲ 5 ನಿಮಿಷ ಯೋಚನೆಗೆ. ನನ್ನ ನಿಲುವು ಏನು, ಎರಡು ಕಾರಣ ಯಾವುವು, ಪ್ರತಿ ಕಾರಣಕ್ಕೆ ಒಂದು ಉದಾಹರಣೆ ಏನು. ಈ ಯೋಚನೆ ಕನ್ನಡದಲ್ಲೇ ನಡೆಯಲಿ, ತೊಂದರೆಯಿಲ್ಲ. ಆದರೆ ವಾಕ್ಯಗಳನ್ನು ಕನ್ನಡದಲ್ಲಿ ಕಟ್ಟಿ ಆಮೇಲೆ ಅನುವಾದಿಸಬೇಡಿ. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಇಂಗ್ಲಿಷ್‌ನಲ್ಲಿ ನಡುವೆ. ಅನುವಾದಿಸಿದ ಉದ್ದ ವಾಕ್ಯ ಅರ್ಧದಲ್ಲೇ ತೊಡರಿಕೊಳ್ಳುತ್ತದೆ.

ನಾಲ್ಕು ಪ್ಯಾರಾ ಸಾಕು. ಪರೀಕ್ಷಕರು ನಾಲ್ಕು ವಿಷಯಕ್ಕೆ ಸಮನಾಗಿ ಅಂಕ ಕೊಡುತ್ತಾರೆ: ಪ್ರಶ್ನೆಗೆ ಉತ್ತರ, ವಿಚಾರಗಳ ಜೋಡಣೆ, ಪದಗಳ ಬಳಕೆ, ವ್ಯಾಕರಣ. ಪ್ರಶ್ನೆಯ ಸಾಲನ್ನೇ ನಕಲು ಮಾಡಿದರೆ ಆ ಪದಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕನ್ನಡದಿಂದ ನುಸುಳುವ ತಪ್ಪುಗಳನ್ನು ನೋಟ್‌ಬುಕ್‌ನ ಮೊದಲ ಪುಟದಲ್ಲೇ ಬರೆದಿಡಿ. ನಮ್ಮಲ್ಲಿ 'ದಿ' ಎಂಬ ಪದಕ್ಕೆ ಸಮನಾದದ್ದೇ ಇಲ್ಲ, ಅದಕ್ಕೇ ಎಲ್ಲಿ ಹಾಕಬೇಕು ಅಂತ ಗೊತ್ತಾಗುವುದಿಲ್ಲ. 'ಒನ್ ಆಫ್ ಮೈ ಫ್ರೆಂಡ್' ಅಲ್ಲ, 'ಫ್ರೆಂಡ್ಸ್'. 'ಡಿಸ್ಕಸ್ ಅಬೌಟ್' ಅಲ್ಲ, ಬರೀ 'ಡಿಸ್ಕಸ್'. 'ಐ ಆ್ಯಮ್ ಹ್ಯಾವಿಂಗ್ ಟೂ ಬ್ರದರ್ಸ್' ಅಲ್ಲ, 'ಐ ಹ್ಯಾವ್'. 'ಹೀ ಗೋ' ಅಲ್ಲ, 'ಹೀ ಗೋಸ್'. ಬರೆದು ಮುಗಿಸಿದ ಮೇಲೆ ಉಳಿಯುವ ಮೂರು ನಿಮಿಷದಲ್ಲಿ ನಿಮ್ಮ ಈ ಪಟ್ಟಿಯ ತಪ್ಪುಗಳನ್ನು ಮಾತ್ರ ಹುಡುಕಿ.

ಈಗ ಹೆಚ್ಚಿನವರು ಕಂಪ್ಯೂಟರ್‌ನಲ್ಲಿ ಬರೆಯುತ್ತಾರೆ. ಅಭ್ಯಾಸ ಮಾಡುವಾಗ ಸ್ಪೆಲ್ ಚೆಕ್ ಆಫ್ ಮಾಡಿ. ಮೊಬೈಲ್‌ನಲ್ಲಿ ಹೆಬ್ಬೆರಳಲ್ಲಿ ಟೈಪ್ ಮಾಡಿ ಅಭ್ಯಾಸ ಇರುವವರು ಮೊದಲ ತಿಂಗಳಲ್ಲೇ ಕೀಬೋರ್ಡ್ ಕಲಿಯಬೇಕು. ಒಂದು ಗಂಟೆಯಲ್ಲಿ ಯೋಚಿಸಿ 400 ಪದ ಟೈಪ್ ಮಾಡುವುದು ಸುಲಭವಲ್ಲ.

ಅಪಾಯದ ಗುರುತು: ಯಾರಾದರೂ ಎಲ್ಲ ಪ್ರಬಂಧಕ್ಕೂ ಹೊಂದುವ ರೆಡಿಮೇಡ್ ಸಾಲುಗಳನ್ನು ಬಾಯಿಪಾಠ ಮಾಡಿಸುತ್ತಿದ್ದರೆ ಅಲ್ಲಿಂದ ಎದ್ದು ಬನ್ನಿ. ಬಾಯಿಪಾಠದ ಸಾಲು ಪರೀಕ್ಷಕರ ಕಣ್ಣಿಗೆ ಬೇಗ ಬೀಳುತ್ತದೆ, ಅದಕ್ಕೆ ಅಂಕ ಕಳೆಯುತ್ತಾರೆ.

## ಹಂತ 6: ರೀಡಿಂಗ್

ಎಲ್ಲರೂ ಎಡವುವುದು ಸರಿ, ತಪ್ಪು, ಹೇಳಿಲ್ಲ ಎಂಬ ಪ್ರಶ್ನೆಯಲ್ಲಿ. ಅದರಲ್ಲೂ 'ತಪ್ಪು' ಮತ್ತು 'ಹೇಳಿಲ್ಲ' ನಡುವೆ.

ಪಠ್ಯದಲ್ಲಿ ಹೀಗಿದೆ ಅಂದುಕೊಳ್ಳಿ: "ಶಿವನಸಮುದ್ರದಲ್ಲಿ 1902ರಲ್ಲಿ ತಯಾರಾದ ವಿದ್ಯುತ್ ಮೊದಲು ಕೋಲಾರದ ಚಿನ್ನದ ಗಣಿಗಳಿಗೆ ಹೋಯಿತು. ಬೆಂಗಳೂರಿಗೆ ಬಂದದ್ದು 1905ರಲ್ಲಿ." ಈಗ ಹೇಳಿಕೆ: "ಶಿವನಸಮುದ್ರದ ವಿದ್ಯುತ್ ಮೊದಲು ಬೆಂಗಳೂರಿಗೆ ಸಿಕ್ಕಿತು." ಪಠ್ಯ ಇದಕ್ಕೆ ವಿರುದ್ಧ ಹೇಳುತ್ತದೆ, ಹಾಗಾಗಿ ತಪ್ಪು. ಇನ್ನೊಂದು ಹೇಳಿಕೆ: "ಗಣಿ ಕಾರ್ಮಿಕರ ಮನೆಗಳಿಗೂ 1902ರಲ್ಲಿ ವಿದ್ಯುತ್ ಬಂತು." ಬಂದಿರಬಹುದು, ಬಂದಿರಲಿಕ್ಕಿಲ್ಲ. ಪಠ್ಯ ಆ ಮಾತೇ ಎತ್ತಿಲ್ಲ. ಹಾಗಾಗಿ 'ಹೇಳಿಲ್ಲ'. ನಿಮಗೆ ಆ ವಿಷಯ ಮೊದಲೇ ಗೊತ್ತಿದ್ದರೆ ಅಪಾಯ ಇನ್ನೂ ಜಾಸ್ತಿ. ನಿಮಗೆ ಗೊತ್ತಿರುವುದನ್ನು ಪಕ್ಕಕ್ಕಿಟ್ಟು ಪಠ್ಯದ ಸಾಲಿನ ಮೇಲೆ ಬೆರಳಿಟ್ಟು ಉತ್ತರಿಸಿ. ವಿರುದ್ಧ ಹೇಳುವ ಸಾಲನ್ನು ತೋರಿಸಲು ಆಗದಿದ್ದರೆ ಅದು 'ತಪ್ಪು' ಅಲ್ಲ.

ಒಂದು ಪಠ್ಯಕ್ಕೆ 20 ನಿಮಿಷ. ಮೂರನೆಯದು ಸಾಮಾನ್ಯವಾಗಿ ಕಷ್ಟ, ಹಾಗಾಗಿ ಮೊದಲನೆಯದನ್ನು 17 ನಿಮಿಷದಲ್ಲಿ ಮುಗಿಸಲು ನೋಡಿ. ಒಂದೇ ಪ್ರಶ್ನೆಗೆ ಎರಡು ನಿಮಿಷ ಮೀರಿದರೆ ಊಹಿಸಿ ಮುಂದೆ ಹೋಗಿ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಖಾಲಿ ಬಿಡಬೇಡಿ.

## ಹಂತ 7: ಲಿಸನಿಂಗ್

ಧ್ವನಿ ಒಂದೇ ಸಲ ಕೇಳಿಸುತ್ತದೆ. ಒಂದು ಉತ್ತರ ತಪ್ಪಿತು ಅಂತ ಅದನ್ನೇ ಯೋಚಿಸುತ್ತಾ ಕೂತರೆ ಮುಂದಿನ ಮೂರೂ ಹೋಗುತ್ತವೆ. ಬಿಟ್ಟು ಮುಂದಿನ ಪ್ರಶ್ನೆಗೆ ಕಿವಿ ಕೊಡುವುದನ್ನೇ ಪ್ರತ್ಯೇಕವಾಗಿ ಅಭ್ಯಾಸ ಮಾಡಿ.

"ಎರಡು ಪದಕ್ಕಿಂತ ಹೆಚ್ಚಿರಬಾರದು" ಅಂದಾಗ ಮೂರು ಪದ ಬರೆದರೆ ಉತ್ತರ ಸರಿಯಿದ್ದರೂ ಸೊನ್ನೆ. ಸ್ಪೆಲಿಂಗ್ ತಪ್ಪಿದರೂ ಸೊನ್ನೆ. ಬ್ರಿಟಿಷ್, ಅಮೆರಿಕನ್ ಸ್ಪೆಲಿಂಗ್ ಎರಡನ್ನೂ ಒಪ್ಪುತ್ತಾರೆ. ಥರ್ಟೀನ್ ಮತ್ತು ಥರ್ಟಿ, ಫೋನ್ ನಂಬರಿನಲ್ಲಿ ಸೊನ್ನೆಗೆ 'ಓ' ಅನ್ನುವುದು, 'ಡಬಲ್ ಫೋರ್' ಅನ್ನುವುದು, ಇವುಗಳಿಗೆ ಕಿವಿ ಪಳಗಿಸಿ. ಮಾತನಾಡುವವರು ಮೊದಲು ಒಂದು ಉತ್ತರ ಹೇಳಿ ಆಮೇಲೆ ತಿದ್ದಿಕೊಳ್ಳುತ್ತಾರೆ. "ಮಂಗಳವಾರ ಬರ್ತೀನಿ... ಇಲ್ಲ, ಗುರುವಾರ" ಅಂದಹಾಗೆ. ಮೊದಲು ಕೇಳಿದ್ದನ್ನೇ ಬರೆದುಬಿಡಬೇಡಿ.

ಕಂಪ್ಯೂಟರ್ ಪರೀಕ್ಷೆಯಲ್ಲಿ ಕೊನೆಗೆ ಉತ್ತರ ನೋಡಿಕೊಳ್ಳಲು 2 ನಿಮಿಷ ಮಾತ್ರ ಸಿಗುತ್ತದೆ. ಕಾಗದದಲ್ಲಿ ಬರೆಯುವವರಿಗೆ ಸಿಗುವ 10 ನಿಮಿಷ ಇಲ್ಲಿಲ್ಲ. ಕೇಳುತ್ತಲೇ ಟೈಪ್ ಮಾಡುವ ಅಭ್ಯಾಸ ಬೇಕು.

## ಹಂತ 8: ಸ್ಪೀಕಿಂಗ್

ವಿದೇಶಿ ಉಚ್ಚಾರಣೆ ಬೇಕಿಲ್ಲ. ನಿಮ್ಮ ಕನ್ನಡದ ಧಾಟಿಗೆ ಅಂಕ ಕಳೆಯುವುದಿಲ್ಲ. ಅರ್ಥವಾಗದಿದ್ದರೆ ಮಾತ್ರ ಕಳೆಯುತ್ತಾರೆ. ಅದಕ್ಕೇ ಮೂರು ವಿಷಯ ತಿದ್ದಿಕೊಳ್ಳಿ. ಪದದ ಕೊನೆಗೆ 'ಉ' ಸೇರಿಸುವುದು, ಅಂದರೆ ಬಸ್ಸು, ಕಾರು, ರೋಡು. 'ಓಲ್ಡ್' ಅನ್ನು 'ವೋಲ್ಡ್' ಅನ್ನುವುದು, 'ಎಗ್' ಅನ್ನು 'ಯೆಗ್' ಅನ್ನುವುದು. ಕೆಲವು ಕಡೆಯವರು 'ಹ' ನುಂಗುವುದು. ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಕೇಳಿದರೆ ನಿಮಗೇ ಗೊತ್ತಾಗುತ್ತದೆ. 'ಮೈಸೆಲ್ಫ್' ಅಂತ ಪರಿಚಯ ಶುರು ಮಾಡುವುದು, ವಾಕ್ಯದ ಕೊನೆಗೆ 'ಓನ್ಲಿ' ಸೇರಿಸುವುದು ಕೂಡ ಬಿಡಬೇಕು.

ಎರಡನೇ ಭಾಗದಲ್ಲಿ ಒಂದು ವಿಷಯ ಕೊಟ್ಟು, ಯೋಚಿಸಲು 1 ನಿಮಿಷ, ಮಾತಾಡಲು 2 ನಿಮಿಷದವರೆಗೆ ಕೊಡುತ್ತಾರೆ. ಹಬ್ಬದ ಬಗ್ಗೆ ಕೇಳಿದರೆ ಬಹಳ ಜನ ಮೈಸೂರು ದಸರಾ ಬಗ್ಗೆ ಪಾಠದಲ್ಲಿ ಓದಿದ್ದನ್ನು ಒಪ್ಪಿಸುತ್ತಾರೆ. ನಲವತ್ತು ಸೆಕೆಂಡಿಗೆ ಮಾತು ಮುಗಿಯುತ್ತದೆ. ನಿಮ್ಮ ಊರ ಜಾತ್ರೆಯ ಬಗ್ಗೆ ಹೇಳಿ. ತೇರಿನ ಹಗ್ಗ ಹಿಡಿದು ಕೈ ಉರಿದದ್ದು, ತಂಗಿ ಗುಂಪಲ್ಲಿ ತಪ್ಪಿಸಿಕೊಂಡದ್ದು. ಕಂಡದ್ದನ್ನು ಹೇಳುವಾಗ ಮಾತು ತಾನಾಗಿ ಬರುತ್ತದೆ. ಒಬ್ಬಟ್ಟಿಗೆ ಇಂಗ್ಲಿಷ್ ಪದ ಹುಡುಕುತ್ತಾ ನಿಲ್ಲಬೇಡಿ. ಒಬ್ಬಟ್ಟು ಅಂತಲೇ ಹೇಳಿ, ಅದು ಏನು ಅಂತ ಒಂದು ಸಾಲಲ್ಲಿ ವಿವರಿಸಿ.

ಮನೆಯಲ್ಲಿ ಇಂಗ್ಲಿಷ್ ಮಾತಾಡುವವರು ಇಲ್ಲದಿದ್ದರೆ ಒಬ್ಬ ಗೆಳೆಯನ ಜೊತೆ ದಿನಾ 15 ನಿಮಿಷ ಫೋನಿನಲ್ಲಿ ಮಾತಾಡಿ. ಅವನ ಇಂಗ್ಲಿಷೂ ನಿಮ್ಮಷ್ಟೇ ಇದ್ದರೂ ಪರವಾಗಿಲ್ಲ, ಬಾಯಿ ತೆರೆಯುವುದು ಮುಖ್ಯ.

## ಹಂತ 9: ಈಗ ದಿನಾಂಕ ಬುಕ್ ಮಾಡಿ

ಶುಲ್ಕ ಹದಿನೈದು ಸಾವಿರಕ್ಕಿಂತ ಜಾಸ್ತಿ. ಅನೇಕ ಮನೆಗಳಲ್ಲಿ ಅದು ಒಂದು ತಿಂಗಳ ಸಂಬಳ. ಹಾಗಾಗಿ ಅಳತೆ ಇಟ್ಟುಕೊಂಡೇ ಬುಕ್ ಮಾಡಿ. ಹೊಸ ಪ್ರಶ್ನೆಪತ್ರಿಕೆಗಳ ಮೇಲೆ ಸತತ ಮೂರು ಸಲ, ಪ್ರತಿ ವಿಭಾಗದಲ್ಲೂ ಗುರಿ ಮುಟ್ಟಬೇಕು. ಲಿಸನಿಂಗ್, ರೀಡಿಂಗ್‌ನಲ್ಲಿ ಗುರಿಗಿಂತ ಅರ್ಧ ಅಂಕ ಜಾಸ್ತಿ ಇದ್ದರೆ ಒಳ್ಳೆಯದು. ಪರೀಕ್ಷೆಯ ದಿನ ಗಾಬರಿಗೆ ಅಷ್ಟು ಹೋಗುತ್ತದೆ.

ಇನ್ನೂ ಸಿದ್ಧರಾಗಿಲ್ಲ ಎನ್ನುವ ಗುರುತುಗಳಿವು. ರೀಡಿಂಗ್‌ನ ಮೂರನೇ ಪಠ್ಯ ಪ್ರತಿ ಸಲ ಅರ್ಧಕ್ಕೆ ನಿಲ್ಲುತ್ತಿದೆ. ಪ್ರಬಂಧ 250 ಪದ ಮುಟ್ಟುತ್ತಿಲ್ಲ. ನೋಟ್‌ಬುಕ್‌ನಲ್ಲಿ ಮೊದಲ ತಿಂಗಳ ತಪ್ಪೇ ಮೂರನೇ ತಿಂಗಳಲ್ಲೂ ಕಾಣುತ್ತಿದೆ. ಇದರಲ್ಲಿ ಒಂದಿದ್ದರೂ ಎರಡು ವಾರ ಮುಂದೆ ಹಾಕಿ.

ಪರೀಕ್ಷೆ ಬರೆಯದೆಯೇ ಸರ್ಟಿಫಿಕೇಟ್ ಕೊಡಿಸುತ್ತೇವೆ, ಪ್ರಶ್ನೆಪತ್ರಿಕೆ ಮೊದಲೇ ಕೊಡುತ್ತೇವೆ ಅನ್ನುವ ಮೆಸೇಜ್‌ಗಳು ಬರುತ್ತವೆ. ಅವೆಲ್ಲ ಮೋಸ. ಯೂನಿವರ್ಸಿಟಿಗಳು ಅಂಕವನ್ನು ಆನ್‌ಲೈನ್‌ನಲ್ಲಿ ನೇರವಾಗಿ ಪರಿಶೀಲಿಸುತ್ತವೆ. ದುಡ್ಡಿನ ಜೊತೆ ವೀಸಾದ ಅವಕಾಶವೂ ಹೋಗುತ್ತದೆ.

## ಹಂತ 10: ಪರೀಕ್ಷೆಯ ದಿನ ಮತ್ತು ಆಮೇಲೆ

ಬೇರೆ ಊರಿಂದ ಬೆಂಗಳೂರಿಗೆ ಬರುವವರು ರಾತ್ರಿ ಬಸ್ಸಿನಲ್ಲಿ ಬಂದು ನೇರ ಪರೀಕ್ಷೆಗೆ ಕೂರಬೇಡಿ. ಹಿಂದಿನ ದಿನವೇ ಬನ್ನಿ, ಕೇಂದ್ರ ನೋಡಿಕೊಳ್ಳಿ, ನಿದ್ದೆ ಮಾಡಿ. ಸ್ಪೀಕಿಂಗ್ ಬೇರೆ ದಿನ ಇರಬಹುದು, ಅದನ್ನು ನೋಡಿಯೇ ಟಿಕೆಟ್ ಮಾಡಿಸಿ.

ಫಲಿತಾಂಶ ಬಂದ ಮೇಲೆ ಒಟ್ಟು ಅಂಕ ನೋಡಿ ನಿಲ್ಲಬೇಡಿ. ಹಂತ 1ರ ಕಾಗದ ತೆಗೆದು ವಿಭಾಗವಾರು ಹೋಲಿಸಿ. ಒಂದೇ ವಿಭಾಗ ಕಡಿಮೆಯಾಗಿದ್ದರೆ ಎರಡು ದಾರಿ ಇವೆ.

ಒಂದು, ಮರುಮೌಲ್ಯಮಾಪನ. ಪರೀಕ್ಷೆಯ ದಿನದಿಂದ 6 ವಾರದೊಳಗೆ ಕೇಳಬೇಕು. ಅಂಕ ಬದಲಾದರೆ ಆ ಶುಲ್ಕ ವಾಪಸ್ ಬರುತ್ತದೆ. ರೈಟಿಂಗ್ ಅಥವಾ ಸ್ಪೀಕಿಂಗ್ ನಿಮ್ಮ ಅಭ್ಯಾಸದ ಅಂಕಕ್ಕಿಂತ ತೀರಾ ಕಡಿಮೆ ಬಂದಿದ್ದರೆ ಮಾತ್ರ ಇದಕ್ಕೆ ಹೋಗಿ. ಲಿಸನಿಂಗ್, ರೀಡಿಂಗ್ ಉತ್ತರಗಳು ಸರಿ ಅಥವಾ ತಪ್ಪು ಅಷ್ಟೇ, ಅಲ್ಲಿ ಬದಲಾಗುವುದು ಅಪರೂಪ.

ಎರಡು, ಒಂದೇ ವಿಭಾಗವನ್ನು ಮತ್ತೆ ಬರೆಯುವುದು. ಭಾರತದಲ್ಲಿ 2023ರಿಂದ ಈ ಸೌಲಭ್ಯ ಇದೆ. ಕಂಪ್ಯೂಟರ್‌ನಲ್ಲಿ ಪರೀಕ್ಷೆ ಬರೆದಿರಬೇಕು, ಮೂಲ ಪರೀಕ್ಷೆಯಾದ 60 ದಿನದೊಳಗೆ ಬರೆಯಬೇಕು, ಒಂದೇ ಸಲ ಅವಕಾಶ. ಆದರೆ ಎಲ್ಲ ಯೂನಿವರ್ಸಿಟಿಗಳೂ ಇಂಥ ಅಂಕಪಟ್ಟಿಯನ್ನು ಒಪ್ಪುವುದಿಲ್ಲ. ದುಡ್ಡು ಕಟ್ಟುವ ಮೊದಲು ಅಡ್ಮಿಷನ್ ಕಚೇರಿಗೆ ಇಮೇಲ್ ಹಾಕಿ, ಉತ್ತರ ಬಂದ ಮೇಲೆಯೇ ಬುಕ್ ಮಾಡಿ. ಕಾಯುವ ಆ ದಿನಗಳಲ್ಲೂ ತಪ್ಪಿನ ನೋಟ್‌ಬುಕ್ ತೆರೆದೇ ಇರಲಿ.